ಮೂಗಿಗೆ ಹೊಂದುವ ನಾಯಿ

ನಾಯಿ ಸಾಕಲು ಹೊರಟವರಿಗೆ ಸಲಹೆ ಕೊಡುವವರು ಊರಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ‘ನಾಯಿ ಬೇಕು, ಆದರೆ ನಾಯಿ ಹತ್ತಿರ ಬಂದರೆ ನನಗೆ ಸೀನು’ ಎಂದು ಒಂದು ಮಾತು ಸೇರಿಸಿ ನೋಡಿ, ಅವರ ಸಂಖ್ಯೆ ಮೂರು ಪಟ್ಟಾಗುತ್ತದೆ. ಹಾಲಿನವರು, ಲಿಫ್ಟಿನಲ್ಲಿ ಸಿಕ್ಕವರು, ಸ್ಟಾಫ್ ರೂಮಿನಲ್ಲಿ ಉತ್ತರಪತ್ರಿಕೆ ತಿದ್ದುತ್ತ ಕೂತವರು, ಎಲ್ಲರೂ ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಕೇಳುವುದು ಒಂದೇ: ‘ಯಾವ ಜಾತಿ ತರ್ತೀರಿ?’ ಜಾತಿಯೊಂದು ಸರಿಯಾಗಿದ್ದರೆ ಸೀನಿನ ಮಾತೇ ಇಲ್ಲ ಎಂಬುದು ಅವರೆಲ್ಲರ ನಂಬಿಕೆ. ಜಾತಿ ಸರಿಯಿದ್ದರೆ ಮಿಕ್ಕಿದ್ದೆಲ್ಲ ಸರಿಹೋಗುತ್ತದೆಂಬ ನಂಬಿಕೆ ನಮ್ಮಲ್ಲಿ ಹೊಸದೇನಲ್ಲ. ಈಗ ನಾಯಿಯವರೆಗೂ ಬಂದಿದೆ, ಅಷ್ಟೆ.

ನನ್ನ ಮೂಗು ಬೆಂಗಳೂರಿನ ಮೂಗು. ಈ ಊರಿನ ಹವೆ ತಂಪು ಎಂದು ಹೊರಗಿನವರು ಹೊಗಳುತ್ತಾರೆ. ಆ ತಂಪಿನಲ್ಲಿ ಏನೇನು ತೇಲುತ್ತಿದೆ ಎಂಬುದು ಮೂಗಿಗೆ ಮಾತ್ರ ಗೊತ್ತು. 1950ರ ದಶಕದಲ್ಲಿ ಹೊರದೇಶದ ಗೋಧಿಯ ಜೊತೆ ಬಂತೆನ್ನುವ ಪಾರ್ಥೇನಿಯಂ ಇಲ್ಲಿನ ಖಾಲಿ ಸೈಟುಗಳಲ್ಲಿ ನೆಂಟರ ಮನೆಯಲ್ಲೂ ಸಿಗದಷ್ಟು ಆತಿಥ್ಯ ಪಡೆದಿದೆ. ಅದರ ಬಿಳಿ ಹೂವಿನಲ್ಲಿ ಗಾಂಧಿ ಟೋಪಿ ಕಂಡು ಜನ ಅದಕ್ಕೆ ಕಾಂಗ್ರೆಸ್ ಗಿಡ ಎಂದರು. ಸರ್ಕಾರಗಳು ಬದಲಾದರೂ ಗಿಡ ಬದಲಾಗಲಿಲ್ಲ. ಇದರ ಮೇಲೆ ಮೇಷ್ಟ್ರ ಕೆಲಸದ ಸೀಮೆಸುಣ್ಣದ ಪುಡಿ ಬೇರೆ. ಇಂಥ ಮೂಗಿಟ್ಟುಕೊಂಡು ನಾಯಿ ತರುವುದೇ ಎಂದು ನಾನು ಹಿಂಜರಿಯುತ್ತಿದ್ದೆ. ನನ್ನ ಮಗನಿಗೆ ಹಿಂಜರಿಕೆ ಇರಲಿಲ್ಲ. ‘777 ಚಾರ್ಲಿ’ ಸಿನಿಮಾ ನೋಡಿ ಬಂದಂದಿನಿಂದ ಅವನಿಗೆ ಲ್ಯಾಬ್ರಡಾರ್ ಬೇಕಿತ್ತು. ಆ ಸಿನಿಮಾದ ನಾಯಿ ಹಿಂಸೆ ಕೊಡುವ ಬ್ರೀಡರ್ ಕೈಯಿಂದ ತಪ್ಪಿಸಿಕೊಂಡು ಬಂದದ್ದು ಎಂಬ ಭಾಗ ಮಾತ್ರ ಮಕ್ಕಳ ನೆನಪಿನಲ್ಲಿ ನಿಲ್ಲುವುದಿಲ್ಲ.

ಮೊದಲು ಮೂಗನ್ನು ಪರೀಕ್ಷೆಗೆ ಕೂರಿಸಬೇಕು ಎಂದು ನನ್ನವರು ಹೇಳಿದರು. ಅಲರ್ಜಿ ಪರೀಕ್ಷೆ ನಡೆಯುವುದು ಮೂಗಿನ ಮೇಲಲ್ಲ, ಮುಂಗೈ ಮೇಲೆ. ಪೆನ್ನಿನಲ್ಲಿ ಸಾಲಾಗಿ ಅಂಕಿ ಬರೆದು, ಪ್ರತಿ ಅಂಕಿಯ ಪಕ್ಕ ಒಂದೊಂದು ಹನಿ ಇಟ್ಟು, ಆ ಹನಿಯ ಮೇಲೇ ಸಣ್ಣದಾಗಿ ಚುಚ್ಚುತ್ತಾರೆ. ಅದಕ್ಕೆ ಒಂದು ವಾರ ಮೊದಲಿನಿಂದ ಸಿಟ್ರಿಜಿನ್ ಮುಟ್ಟುವಂತಿಲ್ಲ. ಚುಚ್ಚಿದ ಮೇಲೆ ಹದಿನೈದಿಪ್ಪತ್ತು ನಿಮಿಷ ಕೈ ಚಾಚಿಕೊಂಡು, ಕೆರೆಯದೆ, ಕೂರಬೇಕು. ಒಗ್ಗದ ಹನಿಯ ಕೆಳಗೆ ದದ್ದು ಏಳುತ್ತದೆ. ಸ್ಕೇಲಿಟ್ಟು ಅಳೆದು, ಏನೂ ಇಲ್ಲದ ಬರೀ ದ್ರಾವಣದ ಹನಿಗಿಂತ 3 ಮಿಲಿಮೀಟರ್ ಹೆಚ್ಚಿದ್ದರೆ ‘ಪಾಸಿಟಿವ್’ ಎನ್ನುತ್ತಾರೆ. ಊರ ಮಕ್ಕಳಿಗೆಲ್ಲ ಅಂಕ ಹಾಕುವ ನನ್ನ ಕೈಗೆ ಅಂದು ಧಾರಾಳವಾಗಿ ಅಂಕ ಬಿತ್ತು. ಮನೆಧೂಳಿನ ನುಸಿ, ಕಾಂಗ್ರೆಸ್ ಗಿಡ, ಬಳ್ಳಾರಿ ಜಾಲಿಯ ಪರಾಗ, ಜಿರಳೆ, ಕೊನೆಗೆ ನಾಯಿ. ಮನೆಗೆ ಬಂದು ಪಟ್ಟಿ ಓದಿದೆ. ಎಲ್ಲರೂ ಮತ್ತೆ ನಾಯಿಯ ಜಾತಿಯನ್ನೇ ಚರ್ಚಿಸಿದರು. ಜಿರಳೆ ಯಾವ ಜಾತಿಯದೆಂದು ಯಾರೂ ಕೇಳಲಿಲ್ಲ.

ಪೆಟ್ ಶಾಪಿನ ಹುಡುಗ ಮಾತ್ರ ಒಂದು ಕ್ಷಣವೂ ಯೋಚಿಸಲಿಲ್ಲ. ‘ಶಿಟ್ಜು ತಗೊಳ್ಳಿ ಮೇಡಂ. ಕೂದ್ಲೇ ಉದುರಲ್ಲ. ಅಲರ್ಜಿ ಫ್ರೀ’ ಎಂದ. ಅದು ಬೇಡವಾದರೆ ಪೂಡಲ್, ಮಾಲ್ಟೀಸ್, ಷ್ನಾಜರ್, ಬಿಚಾನ್ ಫ್ರೀಜ಼್ ಎಂದು ಒಂದು ಪಟ್ಟಿ ಒಪ್ಪಿಸಿದ. ‘ಸೀನು ಬಂದರೆ ವಾಪಸ್ ತಗೋತೀರಾ?’ ಎಂದು ಕೇಳಿದೆ. ‘ಬರಲ್ಲ ಮೇಡಂ’ ಎಂದನೇ ಹೊರತು ತಗೊಳ್ಳುತ್ತೇನೆ ಎನ್ನಲಿಲ್ಲ. ಅವನ ಮಾತಿನಲ್ಲಿ ಅರ್ಧ ನಿಜವಿದೆ. ಈ ಜಾತಿಗಳ ಕೂದಲು ಉದುರುವುದು ಕಡಿಮೆ. ಹಾಗೆಂದರೆ ಬೆಳೆಯುತ್ತಲೇ ಇರುತ್ತದೆ ಎಂದೂ ಅರ್ಥ. ದಿನಾ ಬಾಚಬೇಕು, ತಿಂಗಳು ಒಂದೂವರೆ ತಿಂಗಳಿಗೊಮ್ಮೆ ಕತ್ತರಿಸಬೇಕು. ಇಲ್ಲವಾದರೆ ಗಂಟು ಕಟ್ಟಿ ಚರ್ಮವೇ ಹುಣ್ಣಾಗುತ್ತದೆ. ಬೆಂಗಳೂರಿನಲ್ಲಿ ನಾಯಿಯ ಒಂದು ಕ್ಷೌರಕ್ಕೆ ಕೇಳುವ ದುಡ್ಡಿನಲ್ಲಿ ನನ್ನವರು ವರ್ಷವಿಡೀ ತಲೆ ಬೋಳಿಸಿಕೊಳ್ಳಬಹುದು.

ಮಿಕ್ಕರ್ಧವನ್ನು ಡಾಕ್ಟರಮ್ಮ ತಿದ್ದಿದರು. ಮೂಗಿಗೆ ಆಗದಿರುವುದು ಕೂದಲಲ್ಲ. ನಾಯಿಯ ಜೊಲ್ಲು, ಮೂತ್ರ ಮತ್ತು ಚರ್ಮದಿಂದ ಏಳುವ ಹೊಟ್ಟಿನಲ್ಲಿರುವ ಕೆಲವು ಪ್ರೋಟೀನುಗಳು. ಇವುಗಳಲ್ಲಿ ಹಿರಿಯಣ್ಣನ ಹೆಸರು ಕ್ಯಾನ್ ಎಫ್ 1. ಅವನ ಹಿಂದೆ ತಮ್ಮಂದಿರು ಅರ್ಧ ಡಜನ್ನಿಗೂ ಹೆಚ್ಚು. ನಾಯಿ ಮೈ ನೆಕ್ಕಿಕೊಳ್ಳುತ್ತದೆ, ಜೊಲ್ಲು ಒಣಗುತ್ತದೆ, ಹೊಟ್ಟಿನ ಜೊತೆ ಪುಡಿಯಾಗಿ ಗಾಳಿಗೇರುತ್ತದೆ. ಕೂದಲು ಆ ಪುಡಿಯ ವಾಹನ ಮಾತ್ರ. ವಾಹನ ಇಲ್ಲದಿದ್ದರೆ ಅದು ಬಟ್ಟೆಗೆ ಅಂಟಿಕೊಂಡು ಹೊರಡುತ್ತದೆ. ನಾಯಿಯನ್ನೇ ಕಾಣದ ಶಾಲೆಗಳ ಧೂಳಿನಲ್ಲೂ ನಾಯಿಯ ಅಂಶ ಸಿಗುವುದು ಹೀಗೆ, ಮಕ್ಕಳ ಯೂನಿಫಾರ್ಮಿನ ಮೇಲೆ ಸವಾರಿ ಮಾಡಿ. ಮೆಕ್ಸಿಕೋದಲ್ಲಿ ಮೈಮೇಲೆ ಕೂದಲೇ ಇಲ್ಲದ ನಾಯಿ ಇದೆ, ಶೊಲೊ ಅಂತ ಕರೆಯುತ್ತಾರೆ. ಅದಕ್ಕೂ ನಾಲಿಗೆ ಇದೆ, ಚರ್ಮ ಇದೆ.

ಡಾಕ್ಟರಮ್ಮ ಹೇಳಿದ ಇನ್ನೊಂದು ಸಂಗತಿ ನಮ್ಮ ಮನೆಯಲ್ಲಿ ಬಹಳ ದಿನ ಓಡಿತು. ಕ್ಯಾನ್ ಎಫ್ 5 ಎಂಬ ಪ್ರೋಟೀನು ಹುಟ್ಟುವುದು ಗಂಡುನಾಯಿಯ ಪ್ರಾಸ್ಟೇಟ್ ಗ್ರಂಥಿಯಲ್ಲಿ. ಅಲರ್ಜಿಯವರಲ್ಲಿ ಕೆಲವರಿಗೆ ಅದೊಂದೇ ಒಗ್ಗುವುದಿಲ್ಲ. ಅಂಥವರು ಹೆಣ್ಣುನಾಯಿಯನ್ನೋ ಬೀಜ ತೆಗೆಸಿದ ಗಂಡನ್ನೋ ಸಾಕಿಕೊಂಡು ಹಾಯಾಗಿರಬಹುದು. ಯಾವ ಪ್ರೋಟೀನು ಎಂದು ಬಿಡಿಸಿ ಹೇಳುವ ರಕ್ತಪರೀಕ್ಷೆಯೂ ಇದೆ. ‘ಹೆಣ್ಣಾದರೆ ತೊಂದರೆಯಿಲ್ಲ, ಗಂಡಾದರೆ ಮಾತ್ರ ಅಲರ್ಜಿ. ಅಂಥ ಹೆಂಗಸರೂ ಇದ್ದಾರಂತೆ’ ಎಂದು ನಾನು ಊಟದ ಹೊತ್ತಿನಲ್ಲಿ ಹೇಳಿದಾಗ ನನ್ನವರು ತಟ್ಟೆಯಿಂದ ತಲೆ ಎತ್ತಲಿಲ್ಲ.

‘ಅಲರ್ಜಿ ಆಗದ ಜಾತಿ’ಯ ಆಸೆ ಎಲ್ಲಿಂದ ಹಬ್ಬಿತೆಂದು ಹುಡುಕಿದರೆ ದಾರಿ ಆಸ್ಟ್ರೇಲಿಯಾಕ್ಕೆ ಹೋಗುತ್ತದೆ. ಅಲ್ಲಿ ಅಂಧರಿಗೆ ದಾರಿ ತೋರುವ ನಾಯಿಗಳನ್ನು ತಯಾರು ಮಾಡುವ ಸಂಸ್ಥೆಯಲ್ಲಿ ವಾಲಿ ಕಾನ್ರನ್ ಎಂಬವರು ಮರಿ ಬೆಳೆಸುವ ವಿಭಾಗ ನೋಡಿಕೊಳ್ಳುತ್ತಿದ್ದರು. ಹವಾಯಿಯಿಂದ ಒಬ್ಬ ಅಂಧ ಹೆಂಗಸಿನ ಪತ್ರ ಬಂತು. ಆಕೆಗೆ ಮಾರ್ಗದರ್ಶಿ ನಾಯಿ ಬೇಕು, ಗಂಡನಿಗೆ ನಾಯಿ ಎಂದರೆ ಅಲರ್ಜಿ. ಕಾನ್ರನ್ ಪೂಡಲ್‌ಗಳನ್ನೇ ತರಬೇತಿಗೆ ಹಾಕಿ ನೋಡಿದರು. ಒಂದೂ ಆ ಕೆಲಸಕ್ಕೆ ಒದಗಲಿಲ್ಲ. ಕೊನೆಗೆ ಲ್ಯಾಬ್ರಡಾರ್ ಮತ್ತು ಪೂಡಲ್ ಜೋಡಿಯಿಂದ ಮೂರು ಮರಿ ಪಡೆದು, ಅವುಗಳ ಕೂದಲು ಮತ್ತು ಜೊಲ್ಲನ್ನು ಹವಾಯಿಗೆ ಕಳಿಸಿದರು. ಮೂರರಲ್ಲಿ ಒಂದು ಮಾತ್ರ ಆ ಗಂಡನಿಗೆ ಒಗ್ಗಿತು. 1989ರ ಆ ಮರಿಯ ಹೆಸರು ಸುಲ್ತಾನ್. ಉಳಿದವನ್ನು ಮಿಶ್ರತಳಿ ಎಂದು ಯಾರೂ ಒಯ್ಯಲಿಲ್ಲವಾದ್ದರಿಂದ ಕಾನ್ರನ್ ‘ಲ್ಯಾಬ್ರಡೂಡಲ್’ ಎಂಬ ಹೆಸರು ಕಟ್ಟಿದರು. ಹೆಸರು ಬಿದ್ದದ್ದೇ ತಡ, ಜನ ಸಾಲುಗಟ್ಟಿದರು. ಆಮೇಲೆ ಕಂಡಕಂಡವರೆಲ್ಲ ಕಂಡಕಂಡ ನಾಯಿಗೆ ಪೂಡಲ್ ಬೆರೆಸಿ ದುಡ್ಡು ಮಾಡಿಕೊಂಡದ್ದನ್ನು ನೋಡಿ, ಇಂಥ ಕೆಲಸ ಯಾಕಾದರೂ ಮಾಡಿದೆನೋ ಎಂದು ಸ್ವತಃ ಕಾನ್ರನ್ ಮುದಿತನದಲ್ಲಿ ಪೇಚಾಡಿಕೊಂಡರು.

ಲೋಕವೆಲ್ಲ ಈ ಕತೆಯಿಂದ ಜಾತಿಯ ಹೆಸರನ್ನು ಎತ್ತಿಕೊಂಡಿತು. ನನಗೆ ಮುಖ್ಯವಾಗಿ ಕಂಡದ್ದು ಮೂರರಲ್ಲಿ ಒಂದು ಎಂಬ ಲೆಕ್ಕ. ಒಂದೇ ತಾಯಿ, ಒಂದೇ ತಂದೆ, ಒಂದೇ ಸೂಲು. ಆದರೂ ಒಗ್ಗಿದ್ದು ಒಂದು, ಅದೂ ಹವಾಯಿಯ ಒಬ್ಬ ಗಂಡನಿಗೆ. ಪಕ್ಕದ ಮನೆಯವನ ಮೂಗಿಗೆ ಅದೇ ಸುಲ್ತಾನ್ ಒಗ್ಗುತ್ತಿತ್ತೆನ್ನಲು ಆಧಾರವಿಲ್ಲ. ಜಾತಿ, ಗೋತ್ರ, ನಕ್ಷತ್ರ ಎಲ್ಲ ಕೂಡಿಬಂದ ಸಂಬಂಧಗಳು ಆರು ತಿಂಗಳಿಗೆ ಮುರಿದುಬೀಳುವುದನ್ನೂ, ಏನೂ ಕೂಡಿಬರದ ಜೋಡಿಗಳು ಅರವತ್ತು ವರ್ಷ ಬಾಳುವುದನ್ನೂ ಕಂಡಿದ್ದೇವೆ. ಮೂಗಿಗೂ ನಾಯಿಗೂ ಆಗಬೇಕಾದದ್ದು ಅಂಥ ಜೋಡಿ. ಮಧ್ಯಸ್ತಗಾರರ ಪಟ್ಟಿ ನೋಡಿ ಅದು ನಿಶ್ಚಯವಾಗುವುದಿಲ್ಲ.

ವಿಜ್ಞಾನಿಗಳೂ ಪಟ್ಟಿಯನ್ನು ಪರೀಕ್ಷಿಸಿದ್ದಾರೆ. ಅಮೆರಿಕದ ಡೆಟ್ರಾಯ್ಟ್‌ನ ಹೆನ್ರಿ ಫೋರ್ಡ್ ಆಸ್ಪತ್ರೆಯವರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೊಂದೇ ನಾಯಿ ಇರುವ 173 ಮನೆಗಳ ಧೂಳು ತೆಗೆದು ಕ್ಯಾನ್ ಎಫ್ 1 ಎಷ್ಟಿದೆ ಎಂದು ಅಳೆದರು. ಅಲರ್ಜಿ ಆಗದ್ದೆನ್ನುವ ಜಾತಿಗಳ ಮನೆಗೂ ಉಳಿದ ಮನೆಗೂ ವ್ಯತ್ಯಾಸ ಕಾಣಲಿಲ್ಲ. ಮರುವರ್ಷ ಬಂದ ನೆದರ್ಲೆಂಡ್ಸ್‌ನ ಅಧ್ಯಯನದಲ್ಲಂತೂ ಪಟ್ಟಿಯ ಜಾತಿಗಳ ಕೂದಲಿನಲ್ಲೇ ಆ ಪ್ರೋಟೀನು ಹೆಚ್ಚು ಸಿಕ್ಕಿತು. ಒಂದೇ ಜಾತಿಯೊಳಗೆ ನಾಯಿಯಿಂದ ನಾಯಿಗೂ ಬಹಳ ಅಂತರವಿತ್ತು. ಆದರೆ ಅದಕ್ಕೆ ಮೊದಲೇ, 2009ರಲ್ಲಿ, ಅಧ್ಯಕ್ಷ ಒಬಾಮ ಅವರ ಮಗಳಿಗೆ ಅಲರ್ಜಿ ಎಂದು ಶ್ವೇತಭವನಕ್ಕೆ ಬೋ ಎಂಬ ಪೋರ್ಚುಗೀಸ್ ವಾಟರ್ ಡಾಗ್ ಬಂದಾಗಿತ್ತು. ಧೂಳಿನ ವರದಿಯ ಮಾತನ್ನು ಯಾರು ಕೇಳುತ್ತಾರೆ? ಬೋ ಆ ಮನೆಯಲ್ಲಿ ಚೆನ್ನಾಗಿ ಬಾಳಿತು, ಅದು ಆ ಮಗುವಿನ ಮೂಗಿನ ಪುಣ್ಯ. ಪಟ್ಟಿಗೆ ಮಾತ್ರ ಶ್ವೇತಭವನದ ಮುದ್ರೆ ಬಿತ್ತು.

ಇಷ್ಟೆಲ್ಲ ಓದಿಕೊಂಡು ನಾನು ದೊಡ್ಡದಾಗಿ ವಿವರಿಸುತ್ತಿದ್ದಾಗ ನಮ್ಮತ್ತೆ ಅವರೆಕಾಯಿ ಬಿಡಿಸುತ್ತಿದ್ದರು. ಅವರು ಮದ್ದೂರು ಕಡೆಯವರು. ‘ಅಲ್ಲ ಕಣವ್ವ, ನಾಯಿ ಅಂದ್ರೆ ಜಗಲಿ ಮ್ಯಾಲಿರ್ಬೇಕು. ಒಳಕ್ಕೆ ಬುಟ್ಕಂಡು, ಮಂಚಕ್ಕೆ ಹತ್ತಿಸ್ಕಂಡು, ಆಮ್ಯಾಕೆ ಸೀನು ಬತ್ತದೆ ಅಂದ್ರೆ ನಾಯಿ ಏನ್ ಮಾಡಾತು?’ ಎಂದರು. ನಮ್ಮ ಫ್ಲ್ಯಾಟಿಗೆ ಜಗಲಿ ಇಲ್ಲ, ಚಪ್ಪಲಿ ಸ್ಟ್ಯಾಂಡ್ ಇಡುವಷ್ಟು ಕಾರಿಡಾರಿದೆ. ಆದರೂ ಆ ಮಾತು ಮನಸ್ಸಿನಲ್ಲಿ ಕೂತಿತು. ಅವರ ಕಾಲದ ನಾಯಿ ಹೊಸ್ತಿಲಾಚೆ ಇತ್ತು. ಕಣದಲ್ಲಿ ಮಲಗಿ, ಹಿತ್ತಿಲಲ್ಲಿ ಉಂಡು, ಗಾಳಿ ಮಳೆಯಲ್ಲಿ ತನ್ನ ಹೊಟ್ಟನ್ನು ತಾನೇ ಕಳೆದುಕೊಳ್ಳುತ್ತಿತ್ತು. ನಮ್ಮ ಕಾಲದ ನಾಯಿ ಕಿಟಕಿ ಮುಚ್ಚಿದ ಎರಡು ರೂಮಿನ ಮನೆಯಲ್ಲಿ ಸೋಫಾದಿಂದ ಹಾಸಿಗೆಗೆ, ಹಾಸಿಗೆಯಿಂದ ಸೋಫಾಕ್ಕೆ ಓಡಾಡಿಕೊಂಡಿರುತ್ತದೆ. ನಾಯಿ ಬದಲಾದದ್ದಕ್ಕಿಂತ ಹೆಚ್ಚಾಗಿ ಮನೆ ಬದಲಾಗಿದೆ. ಹಾಗೆಂದು ಹಳೆಯದೆಲ್ಲ ಚಿನ್ನವಲ್ಲ. ಆ ಜಗಲಿಯ ನಾಯಿಗೆ ಮುದಿತನದಲ್ಲಿ ಉಣ್ಣೆಹುಳು ಕಿತ್ತು ಔಷಧಿ ಹಚ್ಚಿದವರು ಎಷ್ಟು ಮಂದಿ ಎಂದು ನಮ್ಮತ್ತೆಯನ್ನೇ ಕೇಳಿದರೆ ಅವರೆಕಾಯಿ ಕಡೆ ನೋಡುತ್ತಾರೆ.

ಡಾಕ್ಟರಮ್ಮನ ಮೊದಲ ಸಲಹೆಯೂ ಅತ್ತೆಯದೇ ಆಗಿತ್ತು, ಚೀಟಿಯಲ್ಲಿ ಬರೆದು ಸಹಿ ಹಾಕಿದ್ದರು, ಅಷ್ಟೇ ವ್ಯತ್ಯಾಸ. ಮಲಗುವ ಕೋಣೆಗೆ ನಾಯಿ ಬರಕೂಡದು. ದಿನದಲ್ಲಿ ಏಳೆಂಟು ಗಂಟೆ ಮೂಗಿಗೆ ಬಿಡುವು ಸಿಗುವುದು ಅಲ್ಲೇ. ವಾರಕ್ಕೆರಡು ಸಲ ಮೈ ತೊಳೆಸಬೇಕು. ತೊಳೆದರೂ ಎರಡು ಮೂರು ದಿನಕ್ಕೆ ಮತ್ತೆ ಮೊದಲಿನಂತಾಗುತ್ತದೆ, ಹಾಗಾಗಿ ತಿಂಗಳಿಗೊಮ್ಮೆಯ ಸ್ನಾನ ನಮ್ಮ ಸಮಾಧಾನಕ್ಕೆ ಮಾತ್ರ. ಒಣಪೊರಕೆ ಆಡಿಸಬಾರದು, ಒದ್ದೆಬಟ್ಟೆಯಲ್ಲಿ ಒರೆಸಬೇಕು. ಇಲ್ಲಿ ಮಾತ್ರ ನಾವು ಅಮೆರಿಕದವರಿಗಿಂತ ಅದೃಷ್ಟವಂತರು. ಅಲರ್ಜಿಯ ಪುಡಿ ಕೂತು ಸಂಸಾರ ಹೂಡುವುದು ಗೋಡೆಯಿಂದ ಗೋಡೆಗೆ ಹಾಸಿದ ಕಾರ್ಪೆಟ್ಟಿನಲ್ಲಿ. ನಮ್ಮ ರೆಡ್ ಆಕ್ಸೈಡ್ ನೆಲಕ್ಕೂ ಮೊಸಾಯಿಕ್ಕಿಗೂ ದಿನಾ ಬೆಳಿಗ್ಗೆ ನೀರು ಬೀಳುತ್ತದೆ. ಇವೆಲ್ಲವೂ ಸೀನಿನ ಮಾತು. ಎದೆಯಲ್ಲಿ ಸುಂಯ್‌ಗುಡುವ ಉಬ್ಬಸ ಇರುವವರ ಲೆಕ್ಕವೇ ಬೇರೆ ಎಂದು ಅವರು ಒತ್ತಿ ಹೇಳಿದರು. ಅಂಥವರಿಗೆ ಡಾಕ್ಟರು ಬೇಡವೆಂದರೆ ಬೇಡ, ಅಲ್ಲಿಗೆ ಮುಗಿಯಿತು.

ನಮ್ಮ ಶಾಲೆಯ ಪಿ.ಟಿ. ಮೇಷ್ಟ್ರು ಮುಧೋಳದವರು. ಅವರಿಗೆ ಈ ಚರ್ಚೆಯೆಲ್ಲ ವ್ಯರ್ಥ ಕಾಲಹರಣವಾಗಿ ಕಂಡಿತು. ‘ನಮ್ಮ ಮುಧೋಳ ನಾಯಿ ತಗೋರೀ ಮೇಡಂ. ಮೈಮ್ಯಾಲ ಕೂದಲಾನ ಇರಂಗಿಲ್ಲ. ಕೂದಲಿಲ್ಲಂದ್ರ ಅಲರ್ಜಿ ಎಲ್ಲಿಂದ ಬರ್ತದ್ರೀ?’ ಎಂದರು. ಅವರ ಅಭಿಮಾನಕ್ಕೆ ಕಾರಣವಿದೆ. ಘೋರ್ಪಡೆ ಅರಸರು ಸಾಕಿ ಬೆಳೆಸಿದ ಬೇಟೆನಾಯಿ ಅದು. 2005ರಲ್ಲಿ ಅಂಚೆಚೀಟಿಯ ಮೇಲೆ ಬಂತು, ಸೇನೆಯವರು ಮೀರತ್‌ಗೆ ಒಯ್ದು ತರಬೇತಿ ಕೊಟ್ಟರು. ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ಆ ತಳಿಗೆಂದೇ ಒಂದು ಸಂಶೋಧನಾ ಕೇಂದ್ರವಿದೆ. ಕೂದಲು ತೀರ ಗಿಡ್ಡ, ನಿಜ. ಹೊಟ್ಟಿಗೂ ಜೊಲ್ಲಿಗೂ ಮಾತ್ರ ಅರಸರ ರಿಯಾಯಿತಿ ಇಲ್ಲ. ಅದಕ್ಕಿಂತ ಹೆಚ್ಚಾಗಿ, ಮೊಲದ ಹಿಂದೆ ಬಯಲೆಲ್ಲ ಓಡಬೇಕೆಂದು ಹುಟ್ಟಿದ ಪ್ರಾಣಿಯನ್ನು ಮೂರನೇ ಮಹಡಿಗೆ ತಂದು ಬಾಲ್ಕನಿ ತೋರಿಸುವುದು ನನಗೆ ಒಪ್ಪಿಗೆಯಾಗಲಿಲ್ಲ. ಮೂಗಿಗೆ ನಾಯಿ ಹೊಂದಿದರೆ ಸಾಲದು, ನಾಯಿಗೂ ಮನೆ ಹೊಂದಬೇಕು.

ಇದೇ ಹೊತ್ತಿನಲ್ಲಿ ಮಕ್ಕಳನ್ನು ಕರೆದುಕೊಂಡು ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಿದ್ದೆ. ಅಲ್ಲಿನ ಆತಕೂರು ಕಲ್ಲು ನಮ್ಮತ್ತೆಯ ಮದ್ದೂರು ತಾಲೂಕಿನದೇ. ಹತ್ತನೆಯ ಶತಮಾನದ್ದು. ಹಂದಿಯೊಂದಿಗೆ ಸೆಣಸುವ ನಾಯಿಯನ್ನು ಅದರ ಮೇಲೆ ಕಡೆದಿದ್ದಾರೆ. ತಕ್ಕೋಲದ ಯುದ್ಧದಲ್ಲಿ ಚೋಳರನ್ನು ಗೆದ್ದ ಮೇಲೆ ರಾಷ್ಟ್ರಕೂಟರ ಮೂರನೆಯ ಕೃಷ್ಣ, ಗಂಗರ ಬೂತುಗನ ಕಡೆಯ ಮಣಲೇರನೆಂಬ ವೀರನಿಗೆ ಮೆಚ್ಚಿ ಬೇಡೆಂದನಂತೆ. ಎದುರಿಗೆ ಚಕ್ರವರ್ತಿ ನಿಂತು ಬೇಡೆಂದಾಗ ಯಾರಾದರೂ ಊರು ಕೇಳುತ್ತಾರೆ, ಗದ್ದೆ ಕೇಳುತ್ತಾರೆ. ಮಣಲೇರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಕಾಳಿ ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿದ್ದು ಅದನ್ನೂ ಕೊಂದು ತಾನೂ ಸತ್ತಿತು. ಅದಕ್ಕೆ ಕಲ್ಲು ನೆಟ್ಟು, ಭೂಮಿ ಬಿಟ್ಟು, ಪೂಜೆಗೆ ಗೊರವನನ್ನು ಗೊತ್ತುಮಾಡಿದರು. ಕಲ್ಲಿಗೆ ಪೂಜೆ ಮಾಡದೆ ಅವನು ಉಂಡರೆ ನಾಯಿಯ ಪಾಪವೆಲ್ಲ ಅವನಿಗೆ ತಟ್ಟಲಿ ಎಂಬ ಕಟ್ಟಳೆಯೂ ಇದೆ. ಮಣಲೇರ ‘ಒಂದು ಒಳ್ಳೆಯ ಜಾತಿಯ ನಾಯಿ ಕೊಡಿಸಿ’ ಎನ್ನಲಿಲ್ಲ. ಆ ನಾಯಿಯನ್ನು ಕಂಡಿದ್ದ, ಅದರ ಕೆಲಸ ನೋಡಿದ್ದ, ಹೆಸರು ಹಿಡಿದು ಕೇಳಿದ. ನಾಯಿಯನ್ನು ಆರಿಸುವ ರೀತಿ ಅದು ಎನಿಸಿತು.

ಅಲ್ಲಿಂದ ಮುಂದೆ ನಾನು ಪಟ್ಟಿ ಬಿಟ್ಟು ನಾಯಿಗಳನ್ನು ನೋಡಲು ಹೋದೆ. ನೆಂಟರ, ಗೆಳತಿಯರ ಮನೆಗಳಲ್ಲಿ ನಾಯಿಯ ಪಕ್ಕ ಕೂತು, ಅದರ ಕುತ್ತಿಗೆ ತುರಿಸಿ, ಆ ಕೈಯನ್ನು ಒಮ್ಮೆ ಕೆನ್ನೆಗೆ ತಾಗಿಸಿ, ಕಾಫಿ ಮುಗಿಯುವವರೆಗೆ ಕಾಯುವುದು. ಅಲರ್ಜಿ ಫ್ರೀ ಶಿಟ್ಜುವಿನ ಮನೆಯಲ್ಲಿ ಕಣ್ಣು ಊದಿಕೊಂಡಿತು. ರೋಮ ಉದುರಿಸಿ ಸೋಫಾದ ಬಣ್ಣವನ್ನೇ ಬದಲಿಸಿದ್ದ ಒಂದು ಮುದಿ ಲ್ಯಾಬ್ರಡಾರ್ ಪಕ್ಕ ಮೂಗು ತಣ್ಣಗಿತ್ತು. ಇದನ್ನು ನಿಯಮವೆಂದು ಯಾರೂ ಬರೆದುಕೊಳ್ಳಬೇಡಿ. ಇನ್ನೊಂದು ಲ್ಯಾಬ್ರಡಾರ್ ಬಾಗಿಲಲ್ಲೇ ನನ್ನನ್ನು ವಾಪಸ್ ಕಳಿಸಿತು. ಒಂದು ಕಾಫಿಯ ಹೊತ್ತೂ ಸಾಲದು. ಕೆಲವು ಮೂಗುಗಳು ಕೋಪ ತೋರಿಸಲು ವಾರಗಟ್ಟಲೆ ತೆಗೆದುಕೊಳ್ಳುತ್ತವೆ.

ಅದಕ್ಕೆ ಕಂಡ ದಾರಿ, ಮರಿ ಕೊಳ್ಳುವ ಬದಲು ಬೆಳೆದ ನಾಯಿಯನ್ನು ಕೆಲಕಾಲ ಮನೆಯಲ್ಲಿಟ್ಟುಕೊಂಡು ನೋಡುವುದು. ಊರಿನ ಪ್ರಾಣಿದಯಾ ಸಂಸ್ಥೆಗಳು ರಸ್ತೆಯಿಂದ ಎತ್ತಿ ತಂದ ನಾಯಿಗಳಿಗೆ ಹೀಗೆ ತಾತ್ಕಾಲಿಕ ಮನೆ ಹುಡುಕುತ್ತಲೇ ಇರುತ್ತವೆ. ಮರಿಯ ಮೈ ಮುಂದೆ ಹೇಗಾದೀತೆಂದು ಹೇಳಬರುವುದಿಲ್ಲ. ಬೆಳೆದದ್ದು ಇದ್ದಂತೆ ಇದೆ. ಬಂದದ್ದು ಹೆಣ್ಣು, ಆಪರೇಷನ್ ಆದದ್ದು, ಒಂದು ಕಿವಿ ಎದ್ದು ಇನ್ನೊಂದು ಬಿದ್ದದ್ದು. ಬಣ್ಣ ನೋಡಿ ನಮ್ಮತ್ತೆ ಕೆಂಪಿ ಎಂದರು. ಮೊದಲ ದಿನಗಳಲ್ಲಿ ನಾನು ಸೀನಿದೆ. ಕಸ ಗುಡಿಸಿದ್ದಕ್ಕೋ, ಕಾಂಗ್ರೆಸ್ ಗಿಡಕ್ಕೋ, ಕೆಂಪಿಗೋ ಎಂದು ತೀರ್ಮಾನಿಸಲು ಒಂದು ನೋಟ್‌ಬುಕ್ಕಿಟ್ಟೆ. ಕಿಟಕಿ ಆಚೆಯ ಸೈಟಿನಲ್ಲಿ ಹೂ ಬಿಟ್ಟ ವಾರ ಸೀನು ಏರಿತ್ತು, ಕೆಂಪಿ ಶಾಂಪೂ ಕಂಡ ದಿನ ಇಳಿದಿತ್ತು. ಮೂಗಿಗೆ ಒಂದು ಸ್ಪ್ರೇ, ಕೋಣೆಗೆ ಒಂದು ಬಾಗಿಲು, ಬಾಗಿಲಿಗೆ ಕಾವಲು ನಮ್ಮತ್ತೆ. ಇಷ್ಟರಲ್ಲಿ ಸಂಸಾರ ನಡೆಯುತ್ತಿದೆ. ತೊಟ್ಟಿಲ ಕಾಲದಲ್ಲೇ ಮನೆಯಲ್ಲಿ ನಾಯಿಯಿದ್ದ ಮಕ್ಕಳಿಗೆ ಆರನೆಯ ವಯಸ್ಸಿನ ಹೊತ್ತಿಗೆ ಉಬ್ಬಸದ ಸಂಭವ ನೂರಕ್ಕೆ 13ರಷ್ಟು ಕಡಿಮೆಯಿತ್ತೆಂದು 2015ರಲ್ಲಿ ಸ್ವೀಡನ್ನಿನವರು ಲೆಕ್ಕ ಹಾಕಿದ್ದಾರೆ. ನನ್ನ ತೊಟ್ಟಿಲ ಪಕ್ಕ ಇದನ್ನು ಹೇಳುವವರು ಯಾರೂ ಇರಲಿಲ್ಲ.

ಕೆಂಪಿಯನ್ನು ಖಾಯಂ ಮಾಡಿಕೊಳ್ಳುವ ಮೊದಲು ಒಂದು ಮಾತು ಮನೆಯಲ್ಲಿ ಇತ್ಯರ್ಥವಾಗಬೇಕಿತ್ತು. ನಾಳೆ ನನ್ನ ಎದೆ ಸುಂಯ್ ಎಂದರೆ ಇದು ಎಲ್ಲಿಗೆ ಹೋಗಬೇಕು? ಅಲರ್ಜಿ ಆಗುವುದಿಲ್ಲವೆಂದು ನಂಬಿಸಿ ಮಾರಿದ ನಾಯಿಗಳು ಮೂರು ತಿಂಗಳಿಗೆ ಯಾವುದೋ ಲೇಔಟಿನ ಕೊನೆಯ ರಸ್ತೆಯಲ್ಲಿ ಕೊರಳಪಟ್ಟಿ ಸಮೇತ ನಿಂತಿರುತ್ತವೆ. ಸುಳ್ಳು ಹೇಳಿದವರು ಒಬ್ಬರು, ನಂಬಿದವರು ಇನ್ನೊಬ್ಬರು, ದಂಡ ಕಟ್ಟುವುದು ನಾಯಿ. ಹಾಗಾಗಿ ಅಲರ್ಜಿ ಇರುವವರು ನಾಯಿ ತರುವ ಮುನ್ನ ಕೈಯಲ್ಲಿಟ್ಟುಕೊಳ್ಳಬೇಕಾದದ್ದು ಜಾತಿಗಳ ಪಟ್ಟಿಯನ್ನಲ್ಲ, ಎರಡನೆಯ ಮನೆಯೊಂದರ ವಿಳಾಸವನ್ನು.

ನಮಗೆ ಆ ವಿಳಾಸ ಕೊಟ್ಟವರು ಪಿ.ಟಿ. ಮೇಷ್ಟ್ರೇ. ‘ನಿಮಗ ಆಗಲಿಲ್ಲಂದ್ರ ನಮ್ಮನಿಗೆ ಬಿಡ್ರಿ ಮೇಡಂ’ ಎಂದು ಔದಾರ್ಯದಿಂದ ಒಪ್ಪಿಕೊಂಡರು. ಆಮೇಲೆ ಒಂದು ಭಾನುವಾರ ಬಂದು ಕೆಂಪಿಯನ್ನು ಪಾರ್ಕಿನಲ್ಲಿ ಓಡಿಸಿ ನೋಡಿದರು. ಅಂದಿನಿಂದ ಸ್ಟಾಫ್ ರೂಮಿನಲ್ಲಿ ನನ್ನ ಆರೋಗ್ಯವನ್ನು ಅವರಷ್ಟು ಕಾಳಜಿಯಿಂದ ವಿಚಾರಿಸುವವರು ಇನ್ನೊಬ್ಬರಿಲ್ಲ. ‘ಹ್ಯಾಂಗದ್ರೀ ಮೇಡಂ ನೆಗಡಿ? ಇವತ್ತ ಸ್ವಲ್ಪ ಹೆಚ್ಚಾದಂಗ ಕಾಣ್ತದಲ್ರೀ?’ ಎನ್ನುತ್ತಾರೆ. ಅವರು ಎದುರಿಗಿದ್ದಾಗ ಸೀನು ಬಂದರೂ ನಾನು ಮೂಗು ಹಿಡಿದು ತಡೆದುಕೊಳ್ಳುತ್ತೇನೆ.